ಒಬ್ಬಳೇ ಸೈಕಲ್ ತುಳಿಯುವಾಗ ಕೈಯಲ್ಲಿರುವ ಪಟ್ಟಿ

ನನ್ನ ಬಲಗೈ ಮಣಿಕಟ್ಟಿನಲ್ಲಿ ಒಂದು ಸ್ಟೀಲ್ ಪಟ್ಟಿ ಇದೆ. ಬ್ಯಾಂಕಿನ ಕೌಂಟರಿಗೆ ಬರುವವರು ಅದನ್ನು ನೋಡಿ "ಏನ್ ಮೇಡಂ ಇದು, ಹರಕೆಯಾ?" ಅಂತ ಕೇಳುತ್ತಾರೆ. ಹರಕೆ ಅಲ್ಲ. ನಾನು ಬೆಳಗಿನ ಜಾವ ಒಬ್ಬಳೇ ಸೈಕಲ್ ತುಳಿಯುವವಳು. ದಾರಿಯಲ್ಲಿ ಬಿದ್ದು ಮಾತಾಡಲು ಆಗದ ಸ್ಥಿತಿ ಬಂದರೆ ನಾನು ಯಾರು, ಯಾರಿಗೆ ಫೋನ್ ಮಾಡಬೇಕು, ಯಾವ ಔಷಧಿ ಕೊಡಬಾರದು ಅನ್ನುವುದೆಲ್ಲ ಆ ಪಟ್ಟಿಯ ಮೇಲಿದೆ. ಕೇಳಿದವರಿಗೆಲ್ಲ ಅರ್ಧಂಬರ್ಧ ಹೇಳುವ ಬದಲು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ನಾನಿರುವುದು ಮೈಸೂರಿನಲ್ಲಿ. ಒಂದೊಂದು ದಿನ ಬನ್ನೂರು ರಸ್ತೆ, ಒಂದೊಂದು ದಿನ ವರುಣ ನಾಲೆಯ ಕಡೆ, ಭಾನುವಾರ ಸಿಕ್ಕರೆ ಶ್ರೀರಂಗಪಟ್ಟಣ ದಾಟಿ ಗಂಜಾಂ, ಕರೀಘಟ್ಟ. ಬೆಂಗಳೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನು ಬಿಡುವುದಿಲ್ಲ, ಸೈಕಲ್ಲನ್ನೂ ಬಿಡುವುದಿಲ್ಲ. ಹಾಗಾಗಿ ಎಲ್ಲರೂ ಸರ್ವಿಸ್ ರಸ್ತೆಗೆ ಬರುತ್ತಾರೆ. ಎದುರು ದಿಕ್ಕಿನಿಂದ ಬರುವವರೂ ಇರುತ್ತಾರೆ, ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳೂ ಇರುತ್ತವೆ. ಎಷ್ಟೇ ಹುಷಾರಾಗಿ ತುಳಿದರೂ ಹಿಂದಿನಿಂದ ಬರುವವರ ಹುಷಾರು ನಮ್ಮ ಕೈಯಲ್ಲಿಲ್ಲ ಅಲ್ವಾ?

ನಮ್ಮ ಪರಿಚಯದ ಹಿರಿಯರೊಬ್ಬರಿಗೆ ಆದದ್ದು ಕೇಳಿದ ಮೇಲೆ ನಾನು ಈ ವಿಷಯ ಗಂಭೀರವಾಗಿ ತೆಗೆದುಕೊಂಡೆ. ಅವರೂ ಒಬ್ಬರೇ ಹೋಗುವವರು. ಬೆಳಿಗ್ಗೆ ಯಾವುದೋ ಬೈಕ್ ತಗುಲಿ ಬಿದ್ದರು. ಹಾಲಿನ ವ್ಯಾನಿನವರು ಎತ್ತಿಕೊಂಡು ಆಸ್ಪತ್ರೆಗೆ ಸೇರಿಸಿದರು. ಫೋನ್ ಜೇಬಿನಿಂದ ಹಾರಿ ಕಬ್ಬಿನ ಗದ್ದೆಗೆ ಬಿದ್ದಿತ್ತು. ಆಸ್ಪತ್ರೆಯ ರಿಜಿಸ್ಟರ್‌ನಲ್ಲಿ ಅವರು "ಅಪರಿಚಿತ ಗಂಡಸು, ಸುಮಾರು 60 ವರ್ಷ". ಮನೆಯಲ್ಲಿ ಅವರ ಹೆಂಡತಿ ಫೋನ್ ಮಾಡುತ್ತಲೇ ಇದ್ದರು. ಅದು ಗದ್ದೆಯಲ್ಲಿ ರಿಂಗ್ ಆಗುತ್ತಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಅವರು ಯಾರು ಅಂತ ತಿಳಿದು ಮನೆಗೆ ಸುದ್ದಿ ಮುಟ್ಟಿತು. ಅವರು ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದವರು. ತಲೆಗೆ ಪೆಟ್ಟು ಬಿದ್ದವರಲ್ಲಿ ಆ ಮಾತ್ರೆಯ ವಿಷಯ ಡಾಕ್ಟರಿಗೆ ಮೊದಲು ಗೊತ್ತಾಗಬೇಕು. ಅದು ಗೊತ್ತಾಗಿದ್ದು ಮನೆಯವರು ಬಂದ ಮೇಲೇ. ಪುಣ್ಯಕ್ಕೆ ಅವರು ಚೇತರಿಸಿಕೊಂಡರು.

ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಗುರುತು ಎಲ್ಲಿ ಇರಬೇಕು?

ಸೈಕಲ್ ಸೀಟಿನ ಕೆಳಗಿನ ಚೀಲದಲ್ಲಿ ಒಂದು ಚೀಟಿ ಇಡಬಹುದು. ಆದರೆ ಆಂಬ್ಯುಲೆನ್ಸಿನಲ್ಲಿ ಹೋಗುವವಳು ನಾನು, ಸೈಕಲ್ ಅಲ್ಲ. ಅದು ರಸ್ತೆ ಬದಿಯಲ್ಲೋ ಪೊಲೀಸ್ ಸ್ಟೇಷನ್ನಿನಲ್ಲೋ ಉಳಿಯುತ್ತದೆ. ಹೆಲ್ಮೆಟ್‌ಗೆ ಸ್ಟಿಕರ್ ಅಂಟಿಸುವವರು ತುಂಬ ಜನ ಇದ್ದಾರೆ. ಹೆಲ್ಮೆಟ್ ತೆಗೆದು ಪಕ್ಕಕ್ಕಿಟ್ಟ ಕ್ಷಣದಿಂದ ಅದು ನನ್ನ ಜೊತೆ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ಜರ್ಸಿಯ ಬೆನ್ನ ಜೇಬಿನಲ್ಲಿ ಕಾರ್ಡ್ ಇಟ್ಟರೆ ಬೆವರಿಗೆ ಒದ್ದೆಯಾಗುವುದು ಒಂದು ಕಡೆ. ಆಸ್ಪತ್ರೆಯಲ್ಲಿ ಬಟ್ಟೆಯನ್ನು ಕತ್ತರಿಯಲ್ಲಿ ಕತ್ತರಿಸಿ ತೆಗೆಯುತ್ತಾರೆ, ಜೇಬು ಯಾರು ನೋಡುತ್ತಾರೋ ಗೊತ್ತಿಲ್ಲ. ಆಧಾರ್ ಕಾರ್ಡನ್ನೇ ಇಟ್ಟುಕೊಂಡು ಹೋಗುವವರಿದ್ದಾರೆ. ಅದರಲ್ಲಿ ಮನೆ ವಿಳಾಸ ಇದೆ, ಫೋಟೊ ಇದೆ. ಆ ಹೊತ್ತಿಗೆ ಬೇಕಾದ ಎರಡು ವಿಷಯಗಳೇ ಇಲ್ಲ. ಮನೆಯವರ ಫೋನ್ ನಂಬರೂ ಇಲ್ಲ, ಅಲರ್ಜಿಯೂ ಇಲ್ಲ.

ಫೋನಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಎಲ್ಲರೂ ನಂಬಿಕೊಂಡಿರುವುದು ಅದನ್ನೇ. 2005ರಲ್ಲಿ ಇಂಗ್ಲೆಂಡಿನ ಬಾಬ್ ಬ್ರಾಚಿ ಎಂಬ ಆಂಬ್ಯುಲೆನ್ಸ್ ಸಿಬ್ಬಂದಿ ಒಂದು ಸರಳ ಉಪಾಯ ಕೊಟ್ಟರು. ಫೋನಿನಲ್ಲಿ ಮನೆಯವರ ನಂಬರನ್ನು "ಐಸಿಇ" (ಇನ್ ಕೇಸ್ ಆಫ್ ಎಮರ್ಜೆನ್ಸಿ, ಅಂದರೆ ತುರ್ತು ಬಂದರೆ) ಅಂತ ಸೇವ್ ಮಾಡಿ, ತುರ್ತಿನಲ್ಲಿ ನಾವು ಅದನ್ನೇ ಹುಡುಕುತ್ತೇವೆ ಅಂತ. ಆಗಿನ ಬಟನ್ ಫೋನುಗಳಿಗೆ ಅದು ಸರಿಹೋಗಿತ್ತು. ಈಗ ಎಲ್ಲರ ಫೋನಿಗೂ ಬೆರಳಚ್ಚಿನ ಬೀಗ. ಐಫೋನಿನಲ್ಲಿ 2014ರಿಂದ ಮೆಡಿಕಲ್ ಐಡಿ ಇದೆ. ಆಂಡ್ರಾಯ್ಡ್‌ನಲ್ಲೂ ತುರ್ತು ಮಾಹಿತಿ ತುಂಬಿಡುವ ಜಾಗ ಇದೆ. ಬೀಗ ತೆಗೆಯದೆಯೇ "ಎಮರ್ಜೆನ್ಸಿ" ಅನ್ನುವುದನ್ನು ಒತ್ತಿದರೆ ಕಾಣಿಸುತ್ತದೆ. ನಾನು ಅದನ್ನು ತುಂಬಿಟ್ಟಿದ್ದೇನೆ, ನೀವೂ ಇವತ್ತೇ ತುಂಬಿ. ಎರಡು ನಿಮಿಷದ ಕೆಲಸ, ಕಾಸು ಖರ್ಚಿಲ್ಲ. ಆದರೆ ಅದು ಇದೆ ಅಂತ ಎಷ್ಟು ಜನಕ್ಕೆ ಗೊತ್ತು? ನಮ್ಮ ಬ್ರಾಂಚಿನಲ್ಲಿ ಕೇಳಿ ನೋಡಿದೆ. ಒಬ್ಬ ಹುಡುಗ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಮೇಲಾಗಿ ಫೋನ್ ಒಡೆದುಹೋಗಬಹುದು, ಗದ್ದೆಗೆ ಹಾರಬಹುದು.

ಬಿದ್ದದ್ದನ್ನು ತಾನೇ ಗುರುತಿಸಿ ಮನೆಗೆ ತಿಳಿಸುವ ವಾಚುಗಳು ಬಂದಿವೆ. ಆಪಲ್ ವಾಚಿನಲ್ಲಿ 2018ರಿಂದ ಇದೆ. ಗಾರ್ಮಿನ್ ಸೈಕಲ್ ಕಂಪ್ಯೂಟರುಗಳಲ್ಲೂ ಇದೆ, ಆದರೆ ಜೊತೆಗೆ ಫೋನ್ ಇರಬೇಕು, ನೆಟ್‌ವರ್ಕ್ ಇರಬೇಕು. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಡೆ ಹೋದವರಿಗೆ ನೆಟ್‌ವರ್ಕಿನ ಕಥೆ ಗೊತ್ತು. ವಾಚ್ ಇದ್ದರೆ ಒಳ್ಳೆಯದೇ, ನಮ್ಮವರಿಗೆ ಬೇಗ ಸುದ್ದಿ ಮುಟ್ಟುತ್ತದೆ. ಆದರೆ ಪಕ್ಕದಲ್ಲಿ ನಿಂತವರಿಗೆ ಅದು ನನ್ನ ಬಗ್ಗೆ ಏನೂ ಹೇಳುವುದಿಲ್ಲ.

ಕ್ಯೂಆರ್ ಕೋಡ್ ಇರುವ ರಬ್ಬರ್ ಪಟ್ಟಿಗಳನ್ನೂ ನೋಡಿದೆ. ಸ್ಕ್ಯಾನ್ ಮಾಡಿದರೆ ಪೂರ್ತಿ ಆರೋಗ್ಯದ ವಿವರ ಬರುತ್ತದೆ ಅಂತಾರೆ. ರಸ್ತೆಯಲ್ಲಿ ಗಾಬರಿಯಲ್ಲಿರುವ ಮನುಷ್ಯ ನನ್ನ ಕೈ ಹಿಡಿದು ಸ್ಕ್ಯಾನ್ ಮಾಡಬೇಕು. ಕ್ಯೂಆರ್ ಅಂದರೆ ದುಡ್ಡು ಕೊಡುವುದು ಅಂತ ಗೊತ್ತಿರುವ ಊರಿನಲ್ಲಿ ಅದನ್ನು ಇನ್ನೊಂದಕ್ಕೂ ಬಳಸಬಹುದು ಅಂತ ಹೊಳೆಯಬೇಕು. ಆ ಕಂಪನಿ ಮುಚ್ಚಿಹೋದರೆ ಪಟ್ಟಿ ಖಾಲಿ. ಕೆತ್ತಿದ ಅಕ್ಷರಕ್ಕೆ ಬ್ಯಾಟರಿ ಬೇಡ, ಚಂದಾ ಬೇಡ.

ಹಾಗಾಗಿ ಮೈಮೇಲೆ, ಲೋಹದ ಮೇಲೆ ಕೆತ್ತಿಸುವುದು ಅಂತ ತೀರ್ಮಾನವಾಯಿತು. ಕುತ್ತಿಗೆಯೋ ಕೈಯೋ? ಮಿಲಿಟರಿಯವರಂತೆ ಕುತ್ತಿಗೆಗೆ ಬಿಲ್ಲೆ ಹಾಕುವವರಿದ್ದಾರೆ. ನಮ್ಮಲ್ಲಿ ಕುತ್ತಿಗೆಯಲ್ಲಿ ಸರ ಇರುತ್ತದೆ, ತಾಳಿ ಇರುತ್ತದೆ, ತಾಯಿತ ಇರುತ್ತದೆ. ಅದರ ಜೊತೆ ಇನ್ನೊಂದು ಬಿಲ್ಲೆ ಇದ್ದರೆ ದೇವರ ಬಿಲ್ಲೆ ಅಂದುಕೊಳ್ಳುತ್ತಾರೆ. ಬಿದ್ದ ಹೆಂಗಸಿನ ಕುತ್ತಿಗೆಗೆ ಕೈ ಹಾಕಲು ದಾರಿಹೋಕ ಗಂಡಸರು ಹಿಂಜರಿಯುತ್ತಾರೆ ಕೂಡ. ಆ ಹಿಂಜರಿಕೆ ಸಹಜ. ಕೈಯಾದರೆ ನಾಡಿ ನೋಡಲು ಎಲ್ಲರೂ ಹಿಡಿಯುತ್ತಾರೆ. ನರ್ಸ್ ಸೂಜಿ ಚುಚ್ಚಲು ಹಿಡಿಯುತ್ತಾರೆ. ಮಣಿಕಟ್ಟೇ ಸರಿ. ಒಂದು ಮಾತು, ಬಿಸಿಲಿಗೆ ಕೈ ಮುಚ್ಚುವ ಬಟ್ಟೆಯ ತೋಳು (ಸ್ಲೀವ್) ಹಾಕುವವರು ಪಟ್ಟಿಯನ್ನು ಅದರ ಮೇಲೆ ಕಟ್ಟಬೇಕು. ಒಳಗಿದ್ದರೆ ಇದ್ದೂ ಇಲ್ಲದಂತೆ.

ಇಷ್ಟೆಲ್ಲ ಆದ ಮೇಲೆ ನನಗೆ ಮುಖ್ಯ ಅನ್ನಿಸಿದ್ದು ಬೇರೆಯೇ. ಈ ಪಟ್ಟಿಯನ್ನು ಓದುವವರು ಯಾರು? ಹೊರದೇಶದ ಸೈಕಲ್ ಪಟ್ಟಿಗಳ ಚಿತ್ರ ನೋಡಿದರೆ ಎಲ್ಲವೂ ಆಂಬ್ಯುಲೆನ್ಸಿನವರಿಗೆ, ಡಾಕ್ಟರಿಗೆ ಬರೆದ ಹಾಗಿವೆ. ಅಮೆರಿಕದಲ್ಲಿ 1999ರಿಂದ ರೋಡ್ ಐಡಿ ಅನ್ನುವ ಕಂಪನಿ ಓಡುವವರಿಗೆ, ಸೈಕಲ್ಲಿನವರಿಗೆ ಅಂತಲೇ ಇವನ್ನು ಮಾಡುತ್ತಿದೆ. ಅಚ್ಚುಕಟ್ಟಾದ ಕೆಲಸ. ಆದರೆ ಬನ್ನೂರು ರಸ್ತೆಯಲ್ಲಿ ಬೆಳಿಗ್ಗೆ ಆರಕ್ಕೆ ನನ್ನ ಹತ್ತಿರ ಮೊದಲು ಬರುವವರು ಗದ್ದೆಗೆ ನೀರು ಕಟ್ಟಲು ಹೊರಟವರು, ಡೇರಿಗೆ ಹಾಲು ಹಾಕಲು ಬಂದವರು, ಎಳನೀರು ಅಂಗಡಿಯವರು. ನನ್ನ ಜೀವ ಮೊದಲು ಅವರ ಕೈಯಲ್ಲಿ. ಡಾಕ್ಟರ್ ಆಮೇಲೆ ಬರುತ್ತಾರೆ.

ಆದ್ದರಿಂದ ಕೆತ್ತಿಸುವ ಮೊದಲೇ ರಟ್ಟಿನಲ್ಲಿ ಅದೇ ಅಳತೆಯ ತುಂಡು ಕತ್ತರಿಸಿ, ಬರೆದು, ನಾನು ಮಾಮೂಲಾಗಿ ನಿಲ್ಲುವ ಎಳನೀರು ಅಂಗಡಿಯ ಯಜಮಾನರಿಗೆ ತೋರಿಸಿದೆ. ಅವರು ಅದನ್ನು ಹಿಡಿದು ಕೈ ಉದ್ದ ಮಾಡಿದರು. ಓದುವ ಕನ್ನಡಕ ಮನೆಯಲ್ಲಿತ್ತು. ಅಕ್ಷರ ಮಸುಕು, ನಂಬರ್ ಅರ್ಧ ಕಾಣುತ್ತಿತ್ತು. "ನಂಬರ್ ದಪ್ಪಕ್ಕೆ ಹಾಕ್ಸಕ್ಕ. ಮಿಕ್ಕಿದ್ದು ಆ ಗಾಬ್ರೀಲಿ ಯಾರ್ ಓದ್ತಾರೆ?" ಅಂದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೂ ಒಂದು ಹೇಳಿದರು. "ಬರೀ ಹೆಸ್ರು ಬರ್ದಿದ್ರೆ ಅದು ಯಾರೋ ಏನೋ. ಅಕ್ಕನೋ ತಂಗಿನೋ ಅಂತ ಬರ್ದಿದ್ರೆ ಮಾತಾಡಕ್ಕೆ ನಮ್ಗೂ ಸಲೀಸು." ಎಷ್ಟು ನಿಜ! ನಂಬರಿನ ಮುಂದೆ ಹೆಸರು ತೆಗೆದು ಸಂಬಂಧ ಹಾಕಿದೆ. ಫೋನ್ ಮಾಡುವವರಿಗೆ ಆ ಕಡೆ ಎತ್ತುವವರು ಯಾರು ಅಂತ ತಿಳಿದಿರುತ್ತದೆ. "ನಿಮ್ಮ ತಂಗಿ ಇಲ್ಲಿ ಬಿದ್ದಿದ್ದಾರೆ" ಅಂತ ನೇರ ಹೇಳಬಹುದು.

ಅವರು ಇನ್ನೊಂದು ಕೇಳಿದ್ದು ನನ್ನನ್ನು ಯೋಚನೆಗೆ ಹಚ್ಚಿತು. "ಫೋನ್ ಮಾಡಿದ್ರೆ ಪೊಲೀಸ್ನೋರು ನಮ್ಮನ್ನೇ ಹಿಡ್ಕೊಳಲ್ವಾ?" ಈ ಹೆದರಿಕೆ ಇನ್ನೂ ಇದೆ. ನಮ್ಮ ವಿಧಾನಮಂಡಲ 2016ರಲ್ಲೇ ನೆರವಿಗೆ ಬಂದವರನ್ನು ಕಾಪಾಡುವ ಮಸೂದೆ ಒಪ್ಪಿತು, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇದೇ ವಿಷಯದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಸೇರಿತು. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಲೇಬೇಕು ಅಂತ ಬಲವಂತ ಮಾಡುವಂತಿಲ್ಲ. ಇದನ್ನು ಅವರಿಗೆ ಹೇಳಿದೆ. ಪಟ್ಟಿಯ ಮೇಲೆ ಇದಕ್ಕೆಲ್ಲ ಜಾಗ ಇಲ್ಲ. ನಾವು ಹೋಗುವ ದಾರಿಯ ಜನರಿಗೆ ಬಾಯಲ್ಲೇ ಹೇಳುತ್ತ ಹೋಗಬೇಕು.

ಇನ್ನು ಪಟ್ಟಿಯ ಮೇಲೆ ಏನು ಬರೆಸುವುದು.

ಎಲ್ಲರೂ ಮೊದಲು ಹೇಳುವುದು ರಕ್ತದ ಗುಂಪು. ನಾನು ಬರೆಸಿಲ್ಲ. ಪಟ್ಟಿ ನೋಡಿ ಯಾವ ಆಸ್ಪತ್ರೆಯೂ ರಕ್ತ ಏರಿಸುವುದಿಲ್ಲ. ಮತ್ತೆ ಪರೀಕ್ಷೆ ಮಾಡಿ, ತಾಳೆ ನೋಡಿಯೇ ಕೊಡುತ್ತಾರೆ. ಅಷ್ಟಕ್ಕೂ ಸಮಯ ಇಲ್ಲದಿದ್ದರೆ ಓ ನೆಗೆಟಿವ್ ಇದ್ದೇ ಇದೆ. ಆದರೆ ಬಾಂಬೆ ರಕ್ತದ ಗುಂಪಿನವರು ದಪ್ಪ ಅಕ್ಷರದಲ್ಲಿ ಬರೆಸಲೇಬೇಕು. 1952ರಲ್ಲಿ ಮುಂಬೈಯಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಜೊತೆಯವರು ಇದನ್ನು ಗುರುತಿಸಿದರು. ಮಾಮೂಲಿ ಪರೀಕ್ಷೆಯಲ್ಲಿ ಅದು ಓ ಅಂತಲೇ ಕಾಣುತ್ತದೆ. ಆದರೆ ಅವರಿಗೆ ಓ ರಕ್ತವೂ ಆಗುವುದಿಲ್ಲ, ಅದೇ ಗುಂಪಿನವರ ರಕ್ತವೇ ಬೇಕು.

ನನಗೆ ಪೆನಿಸಿಲಿನ್ ಅಲರ್ಜಿ. ಚಿಕ್ಕಂದಿನಲ್ಲಿ ಒಂದು ಇಂಜೆಕ್ಷನ್ನಿಗೆ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿತ್ತು ಅಂತ ಅಮ್ಮ ಹೇಳುತ್ತಾರೆ. ನನ್ನ ಪಟ್ಟಿಯ ಅರ್ಧ ಬೆಲೆ ಇರುವುದು ಈ ಒಂದು ಸಾಲಿಗೆ. ಇಂಥ ಪಟ್ಟಿಗಳ ಹುಟ್ಟೂ ಒಂದು ಅಲರ್ಜಿಯಿಂದಲೇ. ಕ್ಯಾಲಿಫೋರ್ನಿಯಾದ ಟರ್ಲಾಕ್ ಎಂಬ ಊರಿನಲ್ಲಿ ಡಾಕ್ಟರ್ ಮೇರಿಯನ್ ಕಾಲಿನ್ಸ್ ಅವರ ಮಗಳು ಲಿಂಡಾಗೆ 1953ರಲ್ಲಿ ಬೆರಳು ಕುಯ್ದುಕೊಂಡಾಗ ಧನುರ್ವಾಯುವಿನ ಮದ್ದು ಒಗ್ಗದೆ ಜೀವಕ್ಕೇ ಬಂತು. ಆಮೇಲೆ ಅವಳ ಅಲರ್ಜಿಯನ್ನು ಬೆಳ್ಳಿಯ ಕೈಪಟ್ಟಿಯಲ್ಲಿ ಕೆತ್ತಿಸಿದರು. 1956ರಲ್ಲಿ ಅದೇ ಮೆಡಿಕ್‌ಅಲರ್ಟ್ ಸಂಸ್ಥೆಯಾಯಿತು.

ಥೈರಾಯ್ಡ್ ಮಾತ್ರೆಯನ್ನೂ ತಗೊಳ್ಳುತ್ತೇನೆ, ಅದನ್ನು ಬರೆಸಿಲ್ಲ. ಮೊದಲ ಒಂದು ಗಂಟೆಯಲ್ಲಿ ಚಿಕಿತ್ಸೆಯನ್ನು ಬದಲಿಸುವಂಥದ್ದು ಮಾತ್ರ ಬರೆಸಿ ಅಂತ ನಮ್ಮ ಡಾಕ್ಟರ್ ಹೇಳಿದರು. ರಕ್ತ ತೆಳುವಾಗಿಸುವ ಮಾತ್ರೆ, ಇನ್ಸುಲಿನ್, ಮೂರ್ಛೆರೋಗ, ಪೇಸ್‌ಮೇಕರ್, ಜೋರಾದ ಔಷಧಿ ಅಲರ್ಜಿ ಇಂಥವು. ಮನೆ ವಿಳಾಸ ಬೇಡ. ಒಬ್ಬಳೇ ಓಡಾಡುವ ಹೆಂಗಸು ತನ್ನ ಮನೆ ಎಲ್ಲಿ ಅಂತ ಕೈಯಲ್ಲಿ ಬರೆದುಕೊಂಡು ತಿರುಗಬೇಕಿಲ್ಲ. ನನ್ನ ಹೆಸರೂ ಮುಂದಿನ ಮುಖದಲ್ಲಿಲ್ಲ, ಹಿಂದೆ ಇದೆ.

ಕೊನೆಗೆ ಮುಂದಿನ ಮುಖ ಹೀಗಾಯಿತು. ಮೇಲೆ ಕನ್ನಡದಲ್ಲಿ "ದಯವಿಟ್ಟು ಫೋನ್ ಮಾಡಿ". ಕೆಳಗೆ "ಅಕ್ಕ" ಅಂತ ಒಂದು ನಂಬರ್, "ಗಂಡ" ಅಂತ ಇನ್ನೊಂದು. ಕೊನೆಯ ಸಾಲು ಇಂಗ್ಲಿಷಿನಲ್ಲಿ ಪೆನಿಸಿಲಿನ್ ಅಲರ್ಜಿ, ಪಕ್ಕದಲ್ಲಿ ಆಂಬ್ಯುಲೆನ್ಸ್ ಮೇಲಿರುವ ಹಾವು ಸುತ್ತಿದ ಕೋಲಿನ ಆರು ಮೂಲೆಯ ನಕ್ಷತ್ರ. ಅಲರ್ಜಿಯನ್ನು ಹಿಂಬದಿಗೆ ಹಾಕೋಣ ಅಂತ ಅಂಗಡಿಯವನು ಹೇಳಿದ. ನಾನು ಒಪ್ಪಲಿಲ್ಲ. ಪಟ್ಟಿ ತಿರುಗಿಸಿ ನೋಡುವಷ್ಟು ಪುರುಸೊತ್ತು ಇರುತ್ತದೆ ಅಂತ ಹೇಳಲಾಗುವುದಿಲ್ಲ. ಹಿಂಬದಿಯಲ್ಲಿ ಹೆಸರು, ಹುಟ್ಟಿದ ವರ್ಷ, ಊರು.

ಗಂಡನಿಗಿಂತ ಮೊದಲು ಅಕ್ಕನ ನಂಬರ್ ಯಾಕೆ ಅಂತ ಮನೆಯಲ್ಲೇ ಪ್ರಶ್ನೆ ಬಂತು. ನಮ್ಮ ಮನೆಯವರಿಗೆ ಫ್ಯಾಕ್ಟರಿ ಕೆಲಸ. ರಾತ್ರಿ ಪಾಳಿ ಇದ್ದಾಗ ಬೆಳಗಿನ ಹೊತ್ತು ಫೋನ್ ಲಾಕರಿನಲ್ಲಿರುತ್ತದೆ. ಅಕ್ಕ ಐದಕ್ಕೇ ಎದ್ದಿರುತ್ತಾಳೆ, ಯಾರ ನಂಬರ್ ಬಂದರೂ ಎತ್ತುತ್ತಾಳೆ. ಈಗ ಗೊತ್ತಿಲ್ಲದ ನಂಬರನ್ನು ಎತ್ತದ ಮನೆಗಳೇ ಜಾಸ್ತಿ. ಲೋನ್ ಬೇಕಾ ಅನ್ನುವವರ ಕಾಟ ಅಷ್ಟಿದೆ. ಪ್ರೀತಿ ಯಾರಿಗೆ ಜಾಸ್ತಿ ಅನ್ನುವ ಲೆಕ್ಕ ಇಲ್ಲಿ ಬರುವುದಿಲ್ಲ. ಫೋನ್ ಎತ್ತುವವರ ನಂಬರ್ ಹಾಕಬೇಕು.

ನಂಬರ್ ಹಾಕಿದರೆ ಮುಗಿಯಲಿಲ್ಲ, ಅವರನ್ನು ತಯಾರೂ ಮಾಡಬೇಕು. ಅಕ್ಕನ ಜೊತೆ ಕೂತು ಮಾತಾಡಿದೆ. ಮೊದಲು ಜಾಗ ಯಾವುದು, ಹತ್ತಿರದ ಊರು ಯಾವುದು ಕೇಳಬೇಕು. 108ಕ್ಕೆ ಇಲ್ಲವೇ 112ಕ್ಕೆ ಕರೆ ಹೋಗಿದೆಯಾ ಕೇಳಬೇಕು, ಇಲ್ಲದಿದ್ದರೆ ಮಾಡಿಸಬೇಕು. ಎಚ್ಚರ ಇಲ್ಲದಿದ್ದರೆ ಬಾಯಿಗೆ ನೀರು ಹಾಕಬೇಡಿ ಅಂತ ಹೇಳಬೇಕು. ನಮ್ಮ ಜನ ಬಿದ್ದವರಿಗೆ ಮೊದಲು ನೀರು ಕುಡಿಸುತ್ತಾರೆ. ಒಳ್ಳೆಯ ಮನಸ್ಸೇ, ಆದರೆ ಪ್ರಜ್ಞೆ ಇಲ್ಲದವರ ಉಸಿರಿನ ನಾಳಕ್ಕೆ ಅದು ಇಳಿಯಬಹುದು. ಯಾವ ಆಸ್ಪತ್ರೆ ಅಂತ ಗೊತ್ತಾದ ಕೂಡಲೇ ಅಲ್ಲಿಗೆ ಫೋನ್ ಮಾಡಿ ಪೆನಿಸಿಲಿನ್ ವಿಷಯ ಮತ್ತೆ ಹೇಳಬೇಕು. "ಆಕ್ಸಿಡೆಂಟ್ ಆಗಿದೆ, ತಕ್ಷಣ ದುಡ್ಡು ಹಾಕಿ" ಅಂತ ಯಾರಾದರೂ ಹೇಳಿದರೆ ಆಸ್ಪತ್ರೆಯವರ ಜೊತೆ ತಾನೇ ಮಾತಾಡದೆ ಒಂದು ರೂಪಾಯಿಯೂ ಕಳಿಸಬಾರದು. ಬ್ಯಾಂಕಿನಲ್ಲಿ ಕೂತು ಇಂಥ ಮೋಸ ಎಷ್ಟೋ ನೋಡಿದ್ದೇನೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ತಂದ ಯೋಜನೆಯನ್ನೂ ಅವಳಿಗೆ ಹೇಳಿದೆ. ಮೋಟಾರು ವಾಹನದಿಂದ ಅಪಘಾತವಾದರೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ ಕೈಯಿಂದ ಕಾಸು ಕಟ್ಟದೆ ಚಿಕಿತ್ಸೆ ಸಿಗುತ್ತದೆ. ಸೈಕಲ್ಲಿನವರಿಗೆ ಕಾರೋ ಬೈಕೋ ಗುದ್ದಿದರೂ ಇದು ಸಲ್ಲುತ್ತದೆ.

ಪಟ್ಟಿ ಮಾಡಿಸಿದ್ದು ಶಿವರಾಂಪೇಟೆ ಕಡೆ, ಕೀ ಬಂಚು, ಪೆನ್ನುಗಳ ಮೇಲೆ ಲೇಸರಿನಲ್ಲಿ ಹೆಸರು ಕೆತ್ತುವ ಒಂದು ಪುಟ್ಟ ಅಂಗಡಿಯಲ್ಲಿ. ಕನ್ನಡ ಅಂದಾಗ ಹುಡುಗ ಸ್ವಲ್ಪ ಹಿಂದೆ ಮುಂದೆ ನೋಡಿದ. ಅವನ ಕಂಪ್ಯೂಟರಿನಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಕೂರುತ್ತಿತ್ತು. ನಾನು ಮನೆಯಲ್ಲಿ ಸರಿಯಾಗಿ ಟೈಪ್ ಮಾಡಿ ಪಿಡಿಎಫ್ ಮಾಡಿಕೊಂಡು ಹೋದೆ. ಅದನ್ನು ಅವನು ಚಿತ್ರದ ಹಾಗೆ ತೆಗೆದುಕೊಂಡು ಕೆತ್ತಿದ. ಕನ್ನಡ ಅಕ್ಷರಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು ಇರುವುದರಿಂದ ಇಂಗ್ಲಿಷಿಗಿಂತ ಜಾಸ್ತಿ ಎತ್ತರ ಬೇಕು. ಅದಕ್ಕೇ ಸಾಲು ಕಮ್ಮಿ ಮಾಡಿ ಅಕ್ಷರ ದೊಡ್ಡದು ಮಾಡಿದೆವು. ನಂಬರನ್ನು ಮಾತ್ರ 1, 2, 3ರ ಅಂಕಿಯಲ್ಲೇ ಹಾಕಿಸಿದೆ, ಫೋನಿನ ಮೇಲೆ ಇರುವುದು ಅವೇ. ಸ್ಟೇನ್‌ಲೆಸ್ ಸ್ಟೀಲ್ ತಗಡು, ಸುಮಾರು ನಾಲ್ಕೂವರೆ ಸೆಂಟಿಮೀಟರ್ ಉದ್ದ, ಎರಡು ಅಗಲ. ಅಂಚನ್ನು ಚೆನ್ನಾಗಿ ಉಜ್ಜಿಸಿ, ಇಲ್ಲದಿದ್ದರೆ ಚರ್ಮ ಕೊರೆಯುತ್ತದೆ. ಎರಡೂ ತುದಿಯಲ್ಲಿ ಸೀಳು ಬಿಡಿಸಿ ನೈಲಾನ್ ವಾಚ್ ಬೆಲ್ಟ್ ಹಾಕಿಸಿದ್ದೇನೆ. ಬೆವರಿಗೆ ಚರ್ಮದ ಬೆಲ್ಟ್ ನಾರುತ್ತದೆ. ಬಣ್ಣ ಒತ್ತಿದ ರಬ್ಬರ್ ಪಟ್ಟಿ ಸೋವಿ, ಆದರೆ ಅಕ್ಷರ ಅಳಿಸಿಹೋಗುತ್ತದೆ.

ಅತ್ತೆಗೆ ಪಟ್ಟಿ ತೋರಿಸಿದಾಗ "ಬಿಡ್ತು ಅನ್ನಮ್ಮ, ಹೊರಡುವಾಗಲೇ ಬೀಳೋ ಮಾತಾ?" ಅಂದರು. ಅವರ ಮನಸ್ಸು ನನಗೆ ಅರ್ಥವಾಗುತ್ತದೆ. ನಾನು "ಬಿಡ್ತು" ಅಂದೆ, ಪಟ್ಟಿಯನ್ನೂ ಕಟ್ಟಿಕೊಂಡೆ. ಈಗ ನಾನು ಹೊರಡುವಾಗ ಕೈ ನೋಡುವವರು ಅವರೇ.

ನಮ್ಮ ಬ್ರಾಂಚಿನ ಒಬ್ಬರು ಸೈಕಲ್ ತುಳಿಯುವುದಿಲ್ಲ, ಆದರೆ ದಿನಾ ಕುಕ್ಕರಹಳ್ಳಿ ಕೆರೆ ಸುತ್ತ ಒಬ್ಬರೇ ನಡೆಯುತ್ತಾರೆ. ಇನ್ಸುಲಿನ್ ತಗೊಳ್ಳುವವರು. ನನ್ನದು ನೋಡಿ ಅವರಿಗೂ ಬೇಕು ಅನ್ನಿಸಿದೆ. "ಸಕ್ಕರೆ ಕೊಡಿ" ಅಂತ ಕನ್ನಡದಲ್ಲಿ ಬರೆಸೋಣ ಅಂತ ಅವರ ಆಸೆ. ಎಚ್ಚರ ಇದ್ದು ನುಂಗಲು ಆಗುತ್ತಿದ್ದರೆ ಅದು ಸರಿ. ಎಚ್ಚರ ತಪ್ಪಿದಾಗ ಯಾರಾದರೂ ಅದನ್ನು ಓದಿ ಬಾಯಿಗೆ ಸಕ್ಕರೆ ತುರುಕಿದರೆ ಅಪಾಯ. ಅವರ ಡಾಕ್ಟರನ್ನೂ ಕೇಳಿ "ಸಕ್ಕರೆ ಕಾಯಿಲೆ, ಇನ್ಸುಲಿನ್, 108ಕ್ಕೆ ಕರೆ ಮಾಡಿ" ಅಂತ ನಿಕ್ಕಿ ಮಾಡಿದ್ದೇವೆ. ನಂಬರ್ ಅವರ ಮಗಳದ್ದು. ರಟ್ಟಿನ ತುಂಡು ತಯಾರಾಗಿದೆ. ಈ ಶನಿವಾರ ಕೆರೆಯ ಗೇಟಿನ ಹತ್ತಿರ ಕಡಲೆಕಾಯಿ ಮಾರುವವರಿಗೆ ಅದನ್ನು ಓದಲು ಕೊಡುತ್ತೇವೆ, ಆಮೇಲೆ ಅಂಗಡಿಗೆ.